ಬೈಗುಳದೊಳಗೆ ಅವ್ವ ಯಾಕೆ ಬರಬೇಕು?

ನಮ್ಮ ಹಾಸ್ಟೆಲಿನಲ್ಲಿ ದಿನಕ್ಕೆ ಅತಿ ಹೆಚ್ಚು ಬಳಕೆಯಾಗುವ ಪದ ಯಾವುದೆಂದು ಲೆಕ್ಕ ಹಾಕಿದರೆ ‘ಮಚ್ಚಾ’ ಎರಡನೇ ಸ್ಥಾನಕ್ಕೆ ಹೋಗುತ್ತದೆ. ಮೊದಲ ಸ್ಥಾನದಲ್ಲಿರುವ ಪದವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಲು ಬರುವುದಿಲ್ಲ. ಆದರೆ ಓದುತ್ತಿರುವ ನಿಮಗೆ ಅದು ಈಗಾಗಲೇ ಹೊಳೆದಿರುತ್ತದೆ. ತಾಯಿಯನ್ನು ಎಳೆದು ತಂದು, ಅವಳ ನಡತೆಗೆ ಒಂದು ಹೆಸರಿಟ್ಟು, ಕೊನೆಗೆ ‘ಮಗ’ ಎಂದು ಸೇರಿಸುವ ಪದ. ಸಿಟ್ಟು ಬಂದಾಗ ಮಾತ್ರ ಅದು ಹೊರಬೀಳುತ್ತದೆ ಎಂದುಕೊಳ್ಳಬೇಡಿ. ವೈಫೈ ಹೋದರೂ ಅದೇ, ಬಂದರೂ ಅದೇ. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಡಿಮೆ ಬಂದರೂ ಅದೇ, ಊರಿಂದ ಬಂದ ಗೆಳೆಯ ಶೇಂಗಾ ಚಟ್ನಿಪುಡಿಯ ಡಬ್ಬಿ ತೆರೆದರೆ ಖುಷಿಗೂ ಅದೇ. ಬರೆಯುವಾಗ ಅಲ್ಪವಿರಾಮ ಹಾಕುವ ಹಾಗೆ ನಮ್ಮ ಹುಡುಗರು ಮಾತಾಡುವಾಗ ಅದನ್ನು ಹಾಕುತ್ತಾರೆ.

‘ನಮ್ಮ ಹುಡುಗರು’ ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ನಮ್ಮನ್ನೆಲ್ಲ ಸೇರಿಸಿ ‘ಪಶ್ಚಿಮ ತಾಲ್ಲೂಕಿನ ಗ್ಯಾಂಗ್’ ಅನ್ನುತ್ತಾರೆ. ಮೊದಲು ಬಳ್ಳಾರಿ ಜಿಲ್ಲೆಯವರಾಗಿದ್ದೆವು, 2021ರಿಂದ ವಿಜಯನಗರ ಜಿಲ್ಲೆಯವರು. ಹರಪನಹಳ್ಳಿಯವರದಂತೂ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, ಆಮೇಲೆ ವಿಜಯನಗರಕ್ಕೆ ಎಂದು ವರ್ಗಾವಣೆಯಾದ ಮೇಷ್ಟ್ರ ಸಂಸಾರದ ಕಥೆ. ಜಿಲ್ಲೆ ಯಾವುದಾದರೂ ಮಾತು ಒಂದೇ. ನಾನು ಹಗರಿಬೊಮ್ಮನಹಳ್ಳಿ ಕಡೆಯ ಹಳ್ಳಿಯವನು, ಬಿ.ಇ. ಮೂರನೇ ವರ್ಷದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ, ಕ್ರೈಸ್ತ ಮನೆಯಲ್ಲಿ ಹುಟ್ಟಿ ಬೆಳೆದವನು. ಈ ಕೊನೆಯ ಮಾತನ್ನು ಯಾಕೆ ಹೇಳಿದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಮೊದಲೇ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ನಮ್ಮ ಕಡೆಯ ಕನ್ನಡ ಒರಟು ಎಂದು ದೂರುವವರ ಸಾಲಿನಲ್ಲಿ ನಾನಿಲ್ಲ. ಬೆಂಗಳೂರು, ಮೈಸೂರು ಕಡೆಯ ಗೆಳೆಯರು ನಮ್ಮ ‘ಲೇ’ ಕೇಳಿ ಬೆಚ್ಚುತ್ತಾರೆ. ‘ಏನ್ಲೇ, ಉಂಡ್ಯಾ?’ ಎಂದರೆ ಜಗಳಕ್ಕೆ ಬಂದ ಎಂದುಕೊಳ್ಳುತ್ತಾರೆ. ಉಂಡಿದ್ದೀಯಾ ಎಂದು ಕೇಳುವವನು ಜಗಳಕ್ಕೆ ಬಂದಿರುತ್ತಾನೆಯೇ? ನಮ್ಮಲ್ಲಿ ಏಕವಚನ ಅವಮಾನವಲ್ಲ, ಹತ್ತಿರದ ಗುರುತು. ಅವ್ವನಿಗೆ ಏಕವಚನ, ದೇವರಿಗೂ ಏಕವಚನ. ವಚನಕಾರರು, ದಾಸರು ದೇವರನ್ನು ‘ನೀನು’ ಎಂದೇ ಕರೆದರು. ನಮ್ಮ ಚರ್ಚಿನ ಹಳೆಯ ಪ್ರಾರ್ಥನೆಗಳಲ್ಲೂ ತಂದೆಯಾದ ದೇವರು ‘ನೀನು’, ಪಾಸ್ಟರು ಮಾತ್ರ ‘ನೀವು’. ಇನ್ನೊಂದು ಕಡೆ, ಬಹುವಚನ ಹಚ್ಚಿ ನಯವಾಗಿ ಚುಚ್ಚುವವರನ್ನೂ ನೋಡಿದ್ದೇನೆ. ‘ನೀವು ಯಾವ ಪೈಕಿ?’ ಎಂದು ಬಾಡಿಗೆ ಮನೆಯ ಬಾಗಿಲಲ್ಲಿ ನಿಲ್ಲಿಸಿ ಕೇಳುವ ಮಾತಿನಲ್ಲಿ ವ್ಯಾಕರಣದ ತಪ್ಪು ಒಂದೂ ಇರುವುದಿಲ್ಲ. ಆದ್ದರಿಂದ ಮಾತನ್ನು ಹಿಡಿತದಲ್ಲಿಡುವುದು ಎಂದರೆ ‘ಲೇ’ ಬಿಟ್ಟು ‘ರೀ’ ಹಿಡಿಯುವುದು ಎಂದು ನಾನು ಒಪ್ಪುವುದಿಲ್ಲ.

ನನ್ನ ತಕರಾರು ಆ ಒಂದೇ ಪದದ ಮೇಲೆ. ಅದೂ ನಮ್ಮ ಈ ಐದು ತಾಲ್ಲೂಕುಗಳ ಹುಡುಗರ ಬಾಯಲ್ಲಿ.

ಯಾಕೆಂದರೆ ಆ ಪದಕ್ಕೆ ನಮ್ಮ ಕಡೆ ವಿಳಾಸವಿದೆ. ಕೂಡ್ಲಿಗಿ ಸೀಮೆಯಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರು ಈಗಲೂ ನಮ್ಮ ಊರುಗಳಲ್ಲಿ ಇದ್ದಾರೆ, ಕೂಲಿಗೆ ಹೋಗುತ್ತಾರೆ, ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲುತ್ತಾರೆ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ 1993–94 ಮತ್ತು 2007–08ರಲ್ಲಿ ನಡೆಸಿದ ಎರಡು ಸಮೀಕ್ಷೆಗಳಲ್ಲಿ ಒಟ್ಟು 46,660 ಮಂದಿ ದೇವದಾಸಿಯರ ಹೆಸರು ದಾಖಲಾಯಿತು. ಬಹುಪಾಲು ದಲಿತ ಮನೆಗಳ ಹೆಣ್ಣುಮಕ್ಕಳು. ಒಬ್ಬೊಬ್ಬರಿಗೆ ಒಂದೊಂದು ಮಗು ಎಂದುಕೊಂಡರೂ ಎಷ್ಟು ಮಕ್ಕಳಾದರು? ಅವರಲ್ಲಿ ಒಂದಿಷ್ಟು ಜನ ನನ್ನ ವಯಸ್ಸಿನವರು. ಪಿಯುಸಿ ಮುಗಿಸಿದ್ದಾರೆ, ಡಿಪ್ಲೊಮಾ ಮಾಡಿದ್ದಾರೆ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದಾರೆ, ಬಿ.ಇ. ಸೀಟು ಪಡೆದಿದ್ದಾರೆ. ನಮ್ಮ ಜೊತೆ ಮೆಸ್ಸಿನ ಬೆಂಚಿನ ಮೇಲೆ ಕೂತು ಅನ್ನ ಸಾರು ಉಣ್ಣುತ್ತಾರೆ.

ಈ ಪದ್ಧತಿಯ ವಿರುದ್ಧ ಕಾನೂನು ಬಂದದ್ದು ನಿನ್ನೆ ಮೊನ್ನೆಯಲ್ಲ. ನಮ್ಮ ಬಳ್ಳಾರಿ ಸೀಮೆ 1953ರವರೆಗೆ ಮದ್ರಾಸ್ ಆಡಳಿತಕ್ಕೆ ಸೇರಿತ್ತು. ಅಲ್ಲಿಯ ಶಾಸನಸಭೆಯಲ್ಲಿ ದೇವದಾಸಿ ಪದ್ಧತಿ ನಿಲ್ಲಿಸಬೇಕೆಂದು 1930ರಲ್ಲಿ ಮಸೂದೆ ತಂದವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ಅವರ ತಾಯಿಯೇ ಆ ಸಮುದಾಯದಿಂದ ಬಂದವರು. ಕಾನೂನು ಆಗಲು 1947ರವರೆಗೆ ಕಾಯಬೇಕಾಯಿತು. ಕರ್ನಾಟಕದ ಕಾಯ್ದೆ 1982ರದು. ಇಷ್ಟಾದರೂ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆ ಬಂತೆಂದರೆ ಅಧಿಕಾರಿಗಳು, ಪೊಲೀಸರು ಕಾವಲು ನಿಲ್ಲುತ್ತಾರೆ. 2025ರಲ್ಲಿ ನಮ್ಮ ವಿಧಾನಮಂಡಲ ಹೊಸ ಮಸೂದೆಯೊಂದನ್ನು ಅಂಗೀಕರಿಸಿತು. ದೇವದಾಸಿಯರ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯ ಇರಕೂಡದು ಎಂಬುದು ಅದರಲ್ಲಿ ಸೇರಿದೆ. ಕೆಲಸಕ್ಕೆ ಅರ್ಜಿ ಹಾಕುವ ನಮ್ಮಂಥವರು ಈ ಸಾಲನ್ನು ಎರಡು ಸಲ ಓದಬೇಕು. ನಾವು ಯೋಚನೆಯೇ ಇಲ್ಲದೆ ತುಂಬಿ ಮುಂದೆ ಹೋಗುವ ಒಂದು ಕಾಲಂ ಇನ್ನೊಬ್ಬನಿಗೆ ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿದ ಮುಳ್ಳಾಗಿತ್ತು ಎಂದು ತಿಳಿಯಲು.

ನನ್ನ ಗೆಳೆಯನೊಬ್ಬನ ವಿಷಯ ಹೇಳಬೇಕು. ಹೆಸರು, ಊರು, ಬ್ರಾಂಚು ಯಾವುದನ್ನೂ ಹೇಳುವುದಿಲ್ಲ. ಬರೆಯುವ ಮೊದಲು ಅವನನ್ನು ಕೇಳಿದ್ದೇನೆ. ‘ಬರಿ, ಆದ್ರ ನಾನು ಅಂತ ಗೊತ್ತಾಗಬಾರ್ದು’ ಅಂದ. ಒಂದು ಕಚೇರಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ಕೊಡಲು ಹೋದಾಗ ಕೌಂಟರಿನಲ್ಲಿದ್ದವರು ಕಾಗದ ತಿರುಗಿಸಿ ನೋಡಿ, ಹಿಂದೆ ನಿಂತ ಹತ್ತು ಜನರಿಗೆ ಕೇಳುವ ಹಾಗೆ ‘ತಂದಿ ಹೆಸ್ರು ಎಲ್ಲಿ? ಇದು ತಾಯಿ ಹೆಸ್ರಲ್ಲಾ?’ ಎಂದರಂತೆ. ಕೇಳಿದವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಬೆಳಗಿನಿಂದ ಸಾವಿರ ಅರ್ಜಿ ನೋಡಿ ಸುಸ್ತಾಗಿದ್ದರು ಎಂದು ಅವನೇ ಹೇಳುತ್ತಾನೆ. ಅದು ಅವನ ದೊಡ್ಡತನ. ನಾನು ಕಣ್ಣಾರೆ ನೋಡಿದ್ದು ಬೇರೆ. ಮೆಸ್ಸಿನಲ್ಲಿ ಊಟದ ನಡುವೆ ಆ ಪದ ಬಿದ್ದಾಗ ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ. ನಕ್ಕು ತಟ್ಟೆ ಎತ್ತಿಕೊಂಡು ತೊಳೆಯುವ ಕಡೆ ಹೋಗುತ್ತಾನೆ. ತಟ್ಟೆಯಲ್ಲಿ ಇನ್ನೂ ಅನ್ನ ಇರುತ್ತದೆ. ಒಂದು ಸೆಮಿಸ್ಟರ್ ಪೂರ್ತಿ ಅವನಿಗೆ ಊಟ ಕಡಿಮೆ ಎಂದುಕೊಂಡಿದ್ದವರೇ ನಮ್ಮಲ್ಲಿ ಹೆಚ್ಚು.

ಈ ವಿಷಯ ಎತ್ತಿದಾಗ ಬರುವ ಉತ್ತರ ಒಂದೇ: ‘ಅರ್ಥ ಇಟ್ಕೊಂಡು ಯಾರ್ ಬೈತಾರಲೇ? ಅದು ಬರೀ ಮಾತು.’ ನಿಜ, ಯಾರೂ ಅರ್ಥ ಇಟ್ಟುಕೊಂಡು ಬೈಯುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಅರ್ಥ ಬೈಯುವವನ ತಲೆಯಲ್ಲಿ ಇಲ್ಲದಿರಬಹುದು, ಕೇಳುವವನ ತಲೆಯಲ್ಲಿ ಇರುತ್ತದೆ. ಅದನ್ನು ಅವನು ನಿಘಂಟಿನಿಂದ ಕಲಿತಿಲ್ಲ, ಓಣಿಯಲ್ಲಿ ಕಲಿತಿದ್ದಾನೆ. ‘ಗೆಳೆತನ ಗಟ್ಟಿಯಾದರೆ ಬೈಗುಳ ತಾನಾಗಿ ಬರುತ್ತದೆ’ ಎನ್ನುವ ವಾದವೂ ಇದೆ. ಗೆಳೆತನದಲ್ಲಿ ಬೈಗುಳ ಇರಲಿ, ನನಗೂ ಇಷ್ಟ. ಆದರೆ ಇಬ್ಬರ ನಡುವಿನ ಸಲಿಗೆಗೆ ಮೂರನೆಯವಳಾದ ಒಬ್ಬ ಹೆಂಗಸು, ಅದೂ ಅಲ್ಲಿಲ್ಲದ ಹೆಂಗಸು, ಬೆಲೆ ತೆರಬೇಕೆ? ಹುಡುಗರು ಜಗಳವಾಡಿದರೆ ಅವ್ವನಿಗೆ ಬೈಗುಳ, ಹುಡುಗರು ಒಂದಾದರೂ ಅವ್ವನಿಗೇ ಬೈಗುಳ.

ಹೊಸಪೇಟೆಯಿಂದ ಹರಿಹರದ ಕಡೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಒಮ್ಮೆ ಕೂತು ನೋಡಿ. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಎಲ್ಲ ದಾಟಿ ಹೋಗುತ್ತದೆ. ಬಾಗಿಲ ಹತ್ತಿರ ಹುಡುಗರ ಗುಂಪು, ಕೈಯಲ್ಲಿ ಮೊಬೈಲು, ಬಾಯಲ್ಲಿ ಆ ಪದ. ಎದುರು ಸೀಟಿನಲ್ಲಿ ತರಕಾರಿ ಬುಟ್ಟಿ ಇಟ್ಟುಕೊಂಡ ಹೆಂಗಸರು ಕಿಟಕಿಯ ಹೊರಗೆ ನೋಡುತ್ತಿರುತ್ತಾರೆ. ಹೊರಗೆ ನೋಡುವಂಥದ್ದು ಏನಿರುತ್ತದೆ, ಜಾಲಿ ಗಿಡ, ಮೆಕ್ಕೆಜೋಳದ ಹೊಲ. ಅವರು ಹೊಲ ನೋಡುತ್ತಿಲ್ಲ, ಕೇಳಿಸಿದ್ದನ್ನು ಕೇಳಿಸದ ಹಾಗೆ ಮಾಡಿಕೊಳ್ಳುತ್ತಿದ್ದಾರೆ.

ಈಗ ನನ್ನ ಧರ್ಮದ ಮಾತಿಗೆ ಬರುತ್ತೇನೆ. ಹಾಸ್ಟೆಲಿನಲ್ಲಿ ನನಗೊಂದು ಅಡ್ಡ ಹೆಸರಿದೆ, ‘ಹಲ್ಲೆಲೂಯ’. ಕ್ರಿಕೆಟ್ ಆಡುವಾಗ ಕ್ಯಾಚ್ ಬಿಟ್ಟರೆ ‘ಏ ಹಲ್ಲೆಲೂಯ, ಪ್ರೇಯರ್ ಮಾಡ್ತಿದ್ದ್ಯೇನಲೇ?’ ಅನ್ನುತ್ತಾರೆ. ನನಗೆ ಬೇಸರವಿಲ್ಲ, ಅದು ದೇವರನ್ನು ಸ್ತುತಿಸುವ ಪದ, ನೂರು ಸಲ ಕರೆದರೂ ನಷ್ಟವಿಲ್ಲ. ಆದರೆ ಈ ಬೈಗುಳದ ವಿಷಯ ಮಾತಾಡಿದಾಗ ‘ನಿಮ್ಮದು ಕೆನ್ನೆ ತೋರಿಸೋ ಧರ್ಮ, ನಿಮಗೆ ಇದೆಲ್ಲ ಆಗಲ್ಲ ಬಿಡು’ ಎನ್ನುವಾಗ ಮಾತ್ರ ವಾದ ಮಾಡಬೇಕೆನಿಸುತ್ತದೆ. ಮಾತಿನ ಮೇಲೆ ಹಿಡಿತ ಎಂದರೆ ಮೆತ್ತಗಿನವರ ಗುಣ ಎಂದು ಎಲ್ಲರೂ ತಿಳಿದಿದ್ದಾರೆ. ನಮ್ಮ ಚರ್ಚಿನವರೂ ಹಾಗೆಯೇ ತಿಳಿದಿದ್ದಾರೆ, ಅದೇ ದೊಡ್ಡ ಸಮಸ್ಯೆ.

ಬೈಬಲ್ಲಿನಲ್ಲಿ ನಾಲಿಗೆಯ ಬಗ್ಗೆ ಒಂದು ಇಡೀ ಭಾಗವಿದೆ, ಯಾಕೋಬನ ಪತ್ರಿಕೆಯ ಮೂರನೇ ಅಧ್ಯಾಯ. ಕುದುರೆಯ ಬಾಯಿಗೆ ಹಾಕುವ ಕಡಿವಾಣ, ದೊಡ್ಡ ಹಡಗನ್ನು ತಿರುಗಿಸುವ ಸಣ್ಣ ಚುಕ್ಕಾಣಿ, ಕಾಡನ್ನೇ ಸುಡುವ ಒಂದು ಕಿಡಿ ಎಂದು ಹೋಲಿಕೆ ಕೊಟ್ಟು ನಾಲಿಗೆಯ ಶಕ್ತಿ ಹೇಳುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ: ಸಣ್ಣ ಇನ್‌ಪುಟ್, ದೊಡ್ಡ ಔಟ್‌ಪುಟ್. ಫೀಡ್‌ಬ್ಯಾಕ್ ಇಲ್ಲದಿದ್ದರೆ ವ್ಯವಸ್ಥೆ ಎಲ್ಲಿಗೆ ಹೋಗಿ ನಿಲ್ಲುತ್ತದೋ ಹೇಳಲಾಗದು. ಈ ಮಾತುಗಳು ಕನ್ನಡಕ್ಕೆ ಬಂದದ್ದು ನಮ್ಮ ನೆರೆಯ ಬಳ್ಳಾರಿಯಿಂದಲೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಅನುವಾದಕ್ಕೆ ಕೂತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಗಿತ್ತು. ಅಂದರೆ ಸುಮಾರು ಇನ್ನೂರು ವರ್ಷದಿಂದ ನಮ್ಮ ಸೀಮೆಯ ಕ್ರೈಸ್ತರು ಈ ಅಧ್ಯಾಯವನ್ನು ನಮ್ಮದೇ ಭಾಷೆಯಲ್ಲಿ ಓದುತ್ತಿದ್ದೇವೆ. ಏನು ಕಲಿತೆವು?

ನಾನು ಕೇಳಿದ ಪ್ರಸಂಗಗಳಲ್ಲಿ ನಾಲಿಗೆಯ ಪಾಠ ಎಂದರೆ ಸುಳ್ಳು ಹೇಳಬೇಡಿ, ಚಾಡಿ ಹೇಳಬೇಡಿ, ಸಿನಿಮಾ ಹಾಡು ಹಾಡಬೇಡಿ. ಯೂತ್ ಮೀಟಿಂಗಿನಲ್ಲಿ ಎಲ್ಲರೂ ಬ್ರದರ್, ಎಲ್ಲರೂ ಸಿಸ್ಟರ್. ಬೆಲ್ಲ ಹಚ್ಚಿದ ಮಾತು. ಅದೇ ಮಂದಿ ಮದುವೆ ಸಂಬಂಧ ಬಂದಾಗ ‘ಹುಡುಗನ ತಾಯಿ ಮೊದಲು ಏನಾಗಿದ್ದಳು, ವಿಚಾರಿಸಿದಿರಾ?’ ಎಂದು ಗುಸುಗುಸು ಮಾಡುತ್ತಾರೆ. ನಮ್ಮ ಕಡೆಯ ಚರ್ಚಿನ ಬೆಂಚುಗಳಲ್ಲಿ ಅಂಥ ತಾಯಂದಿರೂ ಕೂತಿರುತ್ತಾರೆ. ಅವರ ಎದುರು ‘ಸಿಸ್ಟರ್’, ಬೆನ್ನ ಹಿಂದೆ ಹಾಸ್ಟೆಲಿನ ಪದದ್ದೇ ಮರ್ಯಾದಸ್ಥ ರೂಪ. ಒಳ್ಳೆಯ ಮಾತು ಬೇರೆ, ಸಿಹಿ ಮಾತು ಬೇರೆ ಎಂದು ನನಗೆ ಅನ್ನಿಸಿದ್ದು ಇಂಥದ್ದನ್ನು ನೋಡಿಯೇ.

ಬೈಬಲ್ಲಿನಲ್ಲಿ ಈ ಪದಕ್ಕೆ ನೇರವಾಗಿ ತಾಗುವ ಜಾಗ ಇನ್ನೊಂದಿದೆ, ಅದರ ಬಗ್ಗೆ ಪ್ರಸಂಗ ಕೇಳಿದ ನೆನಪು ನನಗಿಲ್ಲ. ಮತ್ತಾಯನ ಸುವಾರ್ತೆಯ ಮೊದಲನೇ ಅಧ್ಯಾಯ ಯೇಸುವಿನ ವಂಶಾವಳಿ. ಇಂಥವನು ಇಂಥವನನ್ನು ಪಡೆದನು ಎಂದು ಗಂಡಸರ ಹೆಸರಿನ ಉದ್ದ ಪಟ್ಟಿ. ಬೇಸರವೆಂದು ಎಲ್ಲರೂ ಹಾರಿಸಿ ಓದುತ್ತಾರೆ. ಆದರೆ ಆ ಪಟ್ಟಿಯ ನಡುನಡುವೆ, ಮರಿಯಳಿಗಿಂತ ಮೊದಲು, ನಾಲ್ಕು ಮಂದಿ ಹೆಂಗಸರು ಬರುತ್ತಾರೆ. ತಾಮಾರಳು, ರಾಹಾಬಳು, ರೂತಳು, ಮತ್ತು ಊರೀಯನ ಹೆಂಡತಿ ಎಂದಷ್ಟೇ ಬರೆದಿರುವ ಬತ್ಷೆಬೆ. ಇವರಲ್ಲಿ ರಾಹಾಬಳು ಯೆರಿಕೋ ಪಟ್ಟಣದ ವೇಶ್ಯೆ. ಬೈಬಲ್ ಅದನ್ನು ಮುಚ್ಚಿಡುವುದಿಲ್ಲ. ಅವಳ ಮಗ ಬೋವಜ. ಆ ಮನೆತನದಲ್ಲಿಯೇ ದಾವೀದ ಅರಸ, ಆ ಮನೆತನದಲ್ಲಿಯೇ ಯೇಸು. ಹಾಗಾದರೆ ನಮ್ಮ ಹಾಸ್ಟೆಲಿನ ಪದ ಅಕ್ಷರಶಃ ಯಾರಿಗೆ ಅನ್ವಯಿಸುತ್ತದೆ? ಬೋವಜನಿಗೆ. ಒಬ್ಬ ಕ್ರೈಸ್ತ ಆ ಪದ ಬಳಸಿದಾಗ ತಾನು ಆರಾಧಿಸುವವನ ಮುತ್ತಜ್ಜಿಯನ್ನೇ ಬೈಯುತ್ತಿರುತ್ತಾನೆ. ಇದು ನನಗೆ ಹೊಳೆದ ದಿನ ಬೈಬಲ್ಲಿನ ಆ ಬೇಸರದ ಪುಟ ಬೇರೆಯಾಗಿಯೇ ಕಂಡಿತು.

ಇನ್ನೂ ಒಂದಿದೆ. ಯೇಸು ತನ್ನ ಸ್ವಂತ ಊರಿಗೆ ಹೋಗಿ ಬೋಧಿಸಿದಾಗ ಊರಿನವರು ಇವನು ಮರಿಯಳ ಮಗನಲ್ಲವೇ ಎಂದು ಆಡಿಕೊಂಡರು ಎಂದು ಮಾರ್ಕನ ಸುವಾರ್ತೆ ಹೇಳುತ್ತದೆ. ತಂದೆಯ ಹೆಸರಿನಿಂದ ಮಗನನ್ನು ಗುರುತಿಸುವ ಕಾಲದಲ್ಲಿ ತಾಯಿಯ ಹೆಸರು ಹಿಡಿದು ಕರೆದದ್ದರಲ್ಲಿ ಚುಚ್ಚುಮಾತು ಇದೆ ಎಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ. ನನ್ನ ಗೆಳೆಯನಿಗೆ ಇದನ್ನು ಹೇಳಿದೆ. ಅವನು ಕ್ರೈಸ್ತನಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾರ ಅವಂಗೂ ಆ ಕಾಲಂ ತ್ರಾಸು ಕೊಟ್ಟಿತ್ತನ್ನು’ ಅಂದ.

ಕೆನ್ನೆ ತೋರಿಸುವ ಧರ್ಮ ಎನ್ನುವವರಿಗೆ ನಾನು ಮತ್ತಾಯನ ಇಪ್ಪತ್ಮೂರನೇ ಅಧ್ಯಾಯ ತೋರಿಸುತ್ತೇನೆ. ಅಲ್ಲಿ ಯೇಸು ಧರ್ಮದ ದೊಡ್ಡವರನ್ನು ಮುಖಕ್ಕೆ ಹೊಡೆದ ಹಾಗೆ ಬೈಯುತ್ತಾನೆ. ನಮ್ಮ ರೂಮಿನಲ್ಲಿ ಒಬ್ಬನಿದ್ದಾನೆ, ಯಾವ ವಾದಕ್ಕೂ ತೂತು ಹುಡುಕುವವನು. ಅದನ್ನು ಓದಿ, ‘ಇಲ್ನೋಡು, ಹಾವಿನ ಮರಿಗಳು ಅಂದಾನೆ. ಇದೂ ಹುಟ್ಟು ಹಿಡಿದು ಬೈದಂಗೇ ಅಲ್ಲೇನು?’ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ನಾನು ಕೊಟ್ಟ ಉತ್ತರ: ಆ ಮಾತು ಹೇಳಿಸಿಕೊಂಡವರು ಕುರ್ಚಿಯಲ್ಲಿದ್ದವರು, ಬಡವರ ಮೇಲೆ ಹೊರೆ ಹೊರಿಸುತ್ತಿದ್ದವರು. ಅದನ್ನು ಕೇಳಿ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದು ಹೋಗಬೇಕಾದ ಹುಡುಗ ಯಾರೂ ಅಲ್ಲಿರಲಿಲ್ಲ. ಅವನು ಪೂರ್ತಿ ಒಪ್ಪಲಿಲ್ಲ, ಅರ್ಧ ಒಪ್ಪಿದ. ಬೆಟ್ಟದ ಮೇಲಿನ ಪ್ರಸಂಗದಲ್ಲಿ ಇದೇ ಯೇಸು ಸಹೋದರನನ್ನು ತಲೆಯಿಲ್ಲದವನು, ಮೂರ್ಖ ಎಂದು ಹೀಯಾಳಿಸುವುದನ್ನು ಕೊಲೆಯ ಪಕ್ಕದಲ್ಲಿ ಇಟ್ಟು ಮಾತಾಡಿದ್ದಾನೆ ಎಂದು ಹೇಳಿದಾಗ, ‘ಹಂಗಾರ ನಮ್ಮ ಹಾಸ್ಟೆಲ್ ಪೂರ್ತಿ ಸೆಂಟ್ರಲ್ ಜೈಲಿಗೆ’ ಎಂದು ನಕ್ಕ. ನಾನೂ ನಕ್ಕೆ.

ಮಾತಿನ ಬಗ್ಗೆ ನಮ್ಮ ಸೀಮೆಗೆ ಗೊತ್ತಿಲ್ಲದ್ದೇನೂ ಅಲ್ಲ. ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ ನಿಮಗೆ ಗೊತ್ತಿರಬಹುದು. ಭರತ ಹುಣ್ಣಿಮೆ ಕಳೆದ ಮೇಲೆ ಲಕ್ಷಾಂತರ ಜನ ಸೇರುತ್ತಾರೆ. ಹನ್ನೊಂದು ದಿನ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲು ಏರಿ ‘ಸದ್ದಲೇ’ ಎಂದು ಕೂಗುತ್ತಾನೆ. (ಅದರಲ್ಲೂ ನಮ್ಮ ‘ಲೇ’ ಕೇಳಿಸುತ್ತದೆ, ಗಮನಿಸಿ.) ಅಷ್ಟು ದೊಡ್ಡ ಜಾತ್ರೆ ಒಮ್ಮೆಲೇ ಸ್ತಬ್ಧ. ಆಮೇಲೆ ಒಂದೇ ಒಂದು ವಾಕ್ಯ. ಮಳೆ, ಬೆಳೆ, ಸರ್ಕಾರ ಏನಾಗುತ್ತದೆಂದು ಆ ವಾಕ್ಯವನ್ನು ವರ್ಷವಿಡೀ ಜನ ಬಿಡಿಸಿ ಬಿಡಿಸಿ ಅರ್ಥ ಹೇಳುತ್ತಾರೆ. ನಾನು ಕಾರ್ಣಿಕದ ಭವಿಷ್ಯವನ್ನು ನಂಬುವವನಲ್ಲ. ಆದರೆ ಒಂದು ವಾಕ್ಯ ಆಡಲು ಹನ್ನೊಂದು ದಿನ ಸಿದ್ಧತೆ ಮಾಡುವ, ಅದನ್ನು ಕೇಳಲು ಲಕ್ಷ ಜನ ಉಸಿರು ಬಿಗಿಹಿಡಿಯುವ ಊರು ನಮ್ಮ ಪಕ್ಕದಲ್ಲೇ ಇದೆ. ಅದೇ ತಾಲ್ಲೂಕಿನ ಹುಡುಗರು ಇನ್‌ಸ್ಟಾಗ್ರಾಮಿನಲ್ಲಿ ಯಾರೋ ಹುಡುಗಿ ಹಾಕಿದ ರೀಲ್ಸ್ ಕೆಳಗೆ ಹನ್ನೊಂದು ಸೆಕೆಂಡಿನಲ್ಲಿ ಏನು ಬರೆಯುತ್ತಾರೆ ಎಂಬುದನ್ನು ಇಲ್ಲಿ ಬರೆಯಲಾರೆ.

ಕಾನೂನು ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ. ಯುಜಿಸಿಯ 2009ರ ನಿಯಮಗಳ ಪ್ರಕಾರ ಹೊಸ ವಿದ್ಯಾರ್ಥಿಯನ್ನು ಮಾತಿನಿಂದ ಅಥವಾ ಬರಹದಿಂದ ಕಾಡುವುದೂ ರ‍್ಯಾಗಿಂಗ್. 1800-180-5522 ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಜೂನಿಯರ್‌ಗಳು ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ. ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಕಿರಿಕಿರಿಯಾಗುವಂತೆ ಅಶ್ಲೀಲ ಪದ ಆಡುವುದು ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ಪ್ರಕಾರ ಅಪರಾಧ. ಪೊಲೀಸ್ ದೂರುಗಳಲ್ಲಿ ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂಬ ಮಾತು ಓದಿಯೇ ಇರುತ್ತೀರಿ. ಅವಾಚ್ಯ ಎಂದರೆ ಆಡಬಾರದ್ದು. ಆದರೆ ಕಾನೂನು ಹಿಡಿಯುವುದು ಒಬ್ಬನ ಕಡೆ ಗುರಿಯಿಟ್ಟು ಎಸೆದ ಕಲ್ಲನ್ನು. ನಮ್ಮ ಪದಕ್ಕೆ ಗುರಿಯೇ ಇಲ್ಲವಲ್ಲ. ವೈಫೈಗೆ ಬೈದದ್ದು ಪಕ್ಕದ ಬೆಂಚಿನವನಿಗೆ ತಾಗಿದರೆ ಯಾವ ಠಾಣೆಯಲ್ಲಿ ಯಾರ ಮೇಲೆ ದೂರು ಕೊಡಬೇಕು? ಇದು ಪೊಲೀಸರ ಕೈಗೆ ಸಿಗುವ ವಿಷಯವಲ್ಲ, ನಮ್ಮ ನಮ್ಮ ಬಾಯಿಗೆ ಸೇರಿದ್ದು.

ನಮ್ಮ ರೂಮಿನಲ್ಲಿ ಏನು ಮಾಡಿದೆವು ಎಂದರೆ, ಮೊದಲು ದಂಡ ಹಾಕಿದೆವು. ಹರಪನಹಳ್ಳಿಯ ಗೆಳೆಯನ ಐಡಿಯಾ: ಆ ಪದಕ್ಕೆ 5 ರೂಪಾಯಿ, ಸೇರಿದ ದುಡ್ಡಲ್ಲಿ ಭಾನುವಾರ ಮಿರ್ಚಿ ಮಂಡಕ್ಕಿ. ನಾಲ್ಕೇ ದಿನಕ್ಕೆ ಒಬ್ಬೊಬ್ಬರ ಬಾಕಿ ಮೆಸ್ ಬಿಲ್ ದಾಟುವ ಹಾಗೆ ಕಂಡಿತು, ಲೆಕ್ಕ ಬರೆಯುತ್ತಿದ್ದವನೇ ಪುಸ್ತಕ ಹರಿದ. ಆಮೇಲೆ ಯಾರಿಗೋ ಒಂದು ಉಪಾಯ ಸಿಕ್ಕಿತು. ಆ ಪದ ಬಿದ್ದ ತಕ್ಷಣ ಸಿಟ್ಟಿಲ್ಲದೆ, ಉಪದೇಶವಿಲ್ಲದೆ, ‘ಯಾರವ್ವ?’ ಎಂದು ಕೇಳುವುದು. ಅಷ್ಟೇ. ‘ಯಾರವ್ವನ್ನ ಅಂದಿ?’ ವೈಫೈಗೆ ಅವ್ವ ಇಲ್ಲ. ಪ್ರಶ್ನೆಗೆ ಉತ್ತರ ಇಲ್ಲದ ಕಾರಣ ಮಾತು ಅಲ್ಲಿಗೇ ಎಡವುತ್ತದೆ. ಮೂರು ವಾರದಲ್ಲಿ ಪದ ಪೂರ್ತಿ ಹೋಗಲಿಲ್ಲ, ಕಡಿಮೆಯಾಯಿತು. ಖಾಲಿಯಾದ ಜಾಗಕ್ಕೆ ‘ಹುಚ್ಚಪ್ಯಾಲಿ’, ‘ಖೋಡಿ’, ‘ಮಂಗ್ಯಾ’ ಬಂದು ಕೂತವು. ನಮ್ಮ ಅಜ್ಜಿಯರು ಯಾರ ತಾಯಿಯನ್ನೂ ಎಳೆಯದೆ ಅರ್ಧ ಗಂಟೆ ನಿಲ್ಲಿಸದೆ ಬೈಯಬಲ್ಲರು. ಆ ವಿದ್ಯೆ ನಮ್ಮ ತಲೆಮಾರಿಗೆ ದಾಟಲೇ ಇಲ್ಲ. ಬೆಟ್ಟದ ಮೇಲಿನ ಪ್ರಸಂಗದ ಲೆಕ್ಕದಲ್ಲಿ ‘ಹುಚ್ಚಪ್ಯಾಲಿ’ಯೂ ಪಾಸಾಗುವುದಿಲ್ಲ ಎಂದು ನನಗೆ ಗೊತ್ತು. ಒಂದೊಂದೇ ಸೆಮಿಸ್ಟರ್ ದಾಟೋಣ.

ಚರ್ಚಿನ ಕಡೆಯ ಕೆಲಸ ಇದಕ್ಕಿಂತ ಕಷ್ಟ, ಅಲ್ಲಿ ಬೈಗುಳವೇ ಕೇಳಿಸುವುದಿಲ್ಲ. ಗುಸುಗುಸುವಿಗೆ ‘ಯಾರವ್ವ?’ ಎಂದು ಕೇಳಿದರೆ ಉತ್ತರ ಅವರ ಹತ್ತಿರ ತಯಾರಾಗಿಯೇ ಇರುತ್ತದೆ. ಹಾಗಾಗಿ ನಮ್ಮ ಪಾಸ್ಟರಿಗೆ ಒಂದು ಕೋರಿಕೆ ಇಟ್ಟೆ. ಕ್ರಿಸ್‌ಮಸ್ ಆರಾಧನೆಗೆ ಪ್ರತಿ ವರ್ಷ ಕುರುಬರ ಕಥೆ, ನಕ್ಷತ್ರದ ಕಥೆ ಓದುತ್ತೇವೆ. ಈ ಸಲ ವಂಶಾವಳಿಯನ್ನು ಒಂದು ಹೆಸರೂ ಬಿಡದೆ ಓದೋಣ ಎಂದೆ. ‘ಉದ್ದ ಆಗ್ತದಪ್ಪಾ, ಮಕ್ಕಳು ಗಲಾಟೆ ಮಾಡ್ತಾವೆ’ ಎಂದರು. ಕೊನೆಗೆ ಒಪ್ಪಿದರು. ಗಂಡಸರ ಹೆಸರುಗಳನ್ನು ಯೂತ್ ಗ್ರೂಪಿನ ಉಳಿದವರು ಹಂಚಿಕೊಂಡಿದ್ದಾರೆ. ರಾಹಾಬಳ ಸಾಲನ್ನು ನಾನು ಕೇಳಿ ತೆಗೆದುಕೊಂಡಿದ್ದೇನೆ, ಮೈಕಿನ ಹತ್ತಿರ ನಿಂತು ಓದುತ್ತೇನೆ.